ಸಾರಿಸಿದ ನೆಲ

"ಮುಳ್ಳು ಅಲ್ಲಾಡ್ತಾನೇ ಇಲ್ವಲ್ಲ ಯಜಮಾನ್ರೆ," ಎಂದ ಚೆಲುವರಾಜು. ರೇಡಿಯೇಟರಿನ ಬಾಯಿಗೆ ಕೈಪಂಪಿನ ಮೂತಿಯನ್ನು ಬಿಗಿದು, ಒಳಗೆ ಗಾಳಿ ಒತ್ತಿ, ಪಂಪಿನ ಮೇಲಿದ್ದ ಗಡಿಯಾರದಂಥ ಬಿಲ್ಲೆಯನ್ನೇ ನೋಡುತ್ತ ಕುಕ್ಕರುಗಾಲಿನಲ್ಲಿ ಕುಳಿತಿದ್ದ. "ಸೋರೋದಾಗಿದ್ರೆ ಇಷ್ಟೊತ್ಗೆ ಇದು ಕೆಳಕ್ಕೆ ಇಳೀಬೇಕಾಗಿತ್ತು. ಬೀಗ ಹಾಕ್ದಂಗೆ ನಿಂತೈತೆ."

ಸಿದ್ದಲಿಂಗಸ್ವಾಮಿಯವರು ಶೆಡ್ಡಿನ ಬಾಗಿಲಲ್ಲಿ, ಎರಡು ಟೈರುಗಳ ಮೇಲೆ ಹಾಸಿದ್ದ ಹಲಗೆಯ ಮೇಲೆ ಕುಳಿತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. "ಸೋರಿದ್ದು ನಿಜ ಕಣಪ್ಪ. ನಾನು ಕಣ್ಣಾರೆ ಕಂಡಿದ್ದೀನಿ," ಎಂದರು.

"ನೀವು ಕಂಡಿದ್ದು ಕುದ್ದು ಉಕ್ಕಿದ್ದನ್ನ. ಎಲ್ಲಿಂದ ಸೋರ್ತು ಅನ್ನೋದು ಬೇರೆ ಮಾತು. ಈಗ ಒಸಾ ರೇಡಿಯೇಟ್ರೇ ಹಾಕ್ಬುಡ್ತೀನಿ ಅಂದ್ರೆ ಮುಗೀತು..."

"ರಿಪೇರಿ ಆಮೇಲೆ ಆಗಲಿ. ಆಗದಿದ್ದರೂ ಚಿಂತೆಯಿಲ್ಲ. ಎಲ್ಲಿ ಸೋರಿತು, ಯಾವತ್ತಿನಿಂದ ಸೋರಿತು, ಅಷ್ಟು ಹೇಳು ನನಗೆ."

ಚೆಲುವರಾಜು ತಲೆ ಕೆರೆದುಕೊಂಡ. ಇಂಥ ಗಿರಾಕಿಯನ್ನು ಅವನು ನೋಡಿರಲಿಲ್ಲ. ಭಾನುವಾರವಾದ್ದರಿಂದ ಶೆಡ್ಡಿನಲ್ಲಿ ಬೇರೆ ಕಾರುಗಳಿರಲಿಲ್ಲ. ಬೋಗಾದಿ ರಸ್ತೆಯಲ್ಲಿ ಮರಳಿನ ಲಾರಿಯೊಂದು ಹೋದಾಗ ತಗಡಿನ ಸೂರೆಲ್ಲ ನಡುಗಿ ಸುಮ್ಮನಾಯಿತು. ಅವನು ಎದ್ದು, ರೇಡಿಯೇಟರಿಗೆ ಇಂಜಿನ್ನು ತಣ್ಣಗಿಡುವ ಹಸಿರು ಕೂಲೆಂಟ್ ಮತ್ತಷ್ಟು ಹೊಯ್ದು, ಇಂಜಿನ್ನು ಚಾಲೂ ಮಾಡಿದ. ಅದು ಮುದುಕರ ಹಾಗೆ ಕೆಮ್ಮುತ್ತ ಓಡತೊಡಗಿತು. ಕಾವೇರಿದ ಮೇಲೆ ಆರಿಸಿ, ಬಾಯಿಯನ್ನು ಬಟ್ಟೆಯಿಂದ ಹಿಡಿದು ತೆರೆದು, ಮತ್ತೆ ಪಂಪು ಬಿಗಿದ. ಈ ಸಲ ಮುಳ್ಳು ಮೆಲ್ಲಗೆ ಕೆಳಗಿಳಿಯಿತು.

"ಸಿಕ್ತು ನೋಡಿ! ತಣ್ಣಗಿದ್ರೆ ಸೋರಲ್ಲ, ಬಿಸಿಯಾದ್ರೆ ಸೋರುತ್ತೆ. ನಮ್ಮತ್ತೆ ಜಾತಿ ಇದು. ನೆಂಟರ ಮುಂದೆ ತಣ್ಣಗಿರ್ತಾಳೆ, ಅವ್ರು ಅತ್ಲಾಗೆ ಓದ್ರೆ..." ಎಂದು ನಗಲು ಹೊರಟವನು ಮುದುಕರ ಮುಖ ಕಂಡು ಮಾತು ನುಂಗಿಕೊಂಡ. ಯಾವ ಗಾಡಿ, ಏನಾಯಿತು ಎನ್ನುವುದು ಊರಿಗೆಲ್ಲ ಗೊತ್ತಿತ್ತು.

ಟಾರ್ಚು ಹಿಡಿದು ಅವನು ಕಾರಿನ ಕೆಳಗೆ ತೂರಿದ. ಮೊದಲು ರೇಡಿಯೇಟರಿನ ತಳ ನೋಡಿದ, ಆಮೇಲೆ ರಬ್ಬರಿನ ಕೊಳವೆಗಳನ್ನು ಒಂದೊಂದಾಗಿ ಹಿಸುಕಿದ. ಎರಡು ಸಲ "ಇಲ್ಲೇ" ಎಂದು ಕೂಗಿ ಎರಡು ಸಲವೂ "ಅಲ್ಲ ಬುಡಿ" ಎಂದ. ಕೊನೆಗೆ ಇಂಜಿನ್ನಿನ ಪಕ್ಕದ ಬೆಲ್ಟು ಕಳಚಿ, ಬಹಳ ಹೊತ್ತು ಒದ್ದಾಡಿ, ನೀರಿನ ಪಂಪನ್ನೇ ಬಿಚ್ಚಿ ತಂದ. ಅಂಗೈ ತುಂಬುವ ಕಬ್ಬಿಣದ ತುಂಡು. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ತೂತು. ತೂತಿನಿಂದ ಕೆಳಕ್ಕೆ ಹಸಿರು ಹೆಪ್ಪುಗಟ್ಟಿ, ಅಂಚಿನಲ್ಲಿ ಬೆಳ್ಳಗಾಗಿ, ಉಪ್ಪು ಹೊಮ್ಮಿದ ಗೋಡೆಯ ಹಾಗೆ ಪದರ ಪದರವಾಗಿ ನಿಂತಿತ್ತು.

ಚೆಲುವರಾಜು ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ಮುದುಕರ ಮೂಗಿನ ಹತ್ತಿರ ಹಿಡಿದ. "ವಾಸ್ನೆ ನೋಡಿ. ವಿಸ ಇದು, ಆದ್ರೂ ಸೀ."

ಹಳಸಿದ ಬೆಲ್ಲದ ಪಾಕದಂಥ ವಾಸನೆ. ಅದನ್ನು ಎಲ್ಲೋ ಮೂಸಿದ್ದೇನೆ ಎಂದು ಸಿದ್ದಲಿಂಗಸ್ವಾಮಿಯವರಿಗೆ ಅನ್ನಿಸಿತು. ಎಲ್ಲೆಂದು ನೆನಪಾಗಲಿಲ್ಲ.

"ಯಾವತ್ತಿನದು ಇದು?"

"ಅದೆಂಗೆ ಏಳ್ಲಿ? ನಾಲ್ಕು ತಿಂಗಳೂ ಆಗಿರಬೋದು, ವರ್ಷಾನೂ ಆಗಿರಬೋದು. ಅವತ್ತೇ ಸುರುವಾಗಿದ್ದಂತೂ ಅಲ್ಲ. ದಿನಾ ಒಂದೊಂದು ತೊಟ್ಟು ಬಿದ್ದು, ಒಣಗಿ, ಇಷ್ಟು ದಪ್ಪ ಆಗೈತೆ."

"ನನ್ನ ಮಗ ವಾರ ವಾರ ಬಾನೆಟ್ ಎತ್ತಿ ನೋಡ್ತಿದ್ದ ಅಂತಾಳೆ ಸೊಸೆ. ಕೂಲೆಂಟಿನ ಬಾಟಲಿ ತುಂಬೇ ಇತ್ತಂತೆ."

"ಇದ್ದಿರುತ್ತೆ. ಇಲ್ನೋಡಿ, ಮುಚ್ಚಳದ ರಬ್ಬರು ಸತ್ತೋಗೈತೆ. ಬಾಟ್ಲು ತುಂಬಿರುತ್ತೆ, ರೇಡಿಯೇಟ್ರು ಒಳಗೆ ಒಣಗಿರುತ್ತೆ."

"ಬಿಸಿ ತೋರಿಸೋ ಮುಳ್ಳೂ ಏರಲಿಲ್ಲವಂತೆ."

"ನೀರೇ ಇಲ್ದ ಮೇಲೆ ಅದಕ್ಕೆ ಯಾತರ ಬಿಸಿ ಗೊತ್ತಾಗುತ್ತೆ?"

ಸಿದ್ದಲಿಂಗಸ್ವಾಮಿಯವರು ಹಲಗೆಯಿಂದ ಅರ್ಧ ಎದ್ದರು. "ಹಾಗಾದರೆ ಅವನದು ತಪ್ಪಿಲ್ಲ?"

ಚೆಲುವರಾಜು ಕೈಯನ್ನು ನೂಲಿನ ಚಿಂದಿಗೆ ಒರೆಸಿಕೊಂಡ. "ಬಾಟ್ಲು ಮೋಸ ಮಾಡುತ್ತೆ, ಮುಳ್ಳೂ ಮೋಸ ಮಾಡುತ್ತೆ. ನೆಲ ಎಂಗೆ ಮಾಡುತ್ತೆ ಯಜಮಾನ್ರೆ? ಗಾಡಿ ನಿಲ್ಸೋ ಜಾಗ್ದಲ್ಲಿ ಅಸ್ರು ಕಲೆ ಬಿದ್ದೇ ಬಿದ್ದಿರುತ್ತೆ. ಒಂದ್ಸಲ ಬಗ್ಗಿ ನೋಡಿದ್ರೆ ಸಾಕು, ಕುರುಡನಿಗೂ ಕಾಣುತ್ತೆ." ಆಮೇಲೆ ದನಿ ತಗ್ಗಿಸಿ, "ಒಟ್ಟೆಗೆ ಆಕ್ಕೊಂಡು ಬುಡಿ. ಮಗ ಅಲ್ವ," ಎಂದ.

ಅವರು ಆ ನೀರಿನ ಪಂಪನ್ನು ಕೇಳಿ ಪಡೆದರು. ಚೆಲುವರಾಜು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ.

ದಾರಿಯುದ್ದಕ್ಕೂ ಅದರ ಭಾರ ತೋಳನ್ನು ಜಗ್ಗುತ್ತಿತ್ತು. ಬೇಕೆಂದು ಹುಡುಕಿಕೊಂಡು ಹೋದ ಸಾಕ್ಷಿಯೇ ಸಿಕ್ಕಿತ್ತು. ಸಿಕ್ಕಿದ ಮೇಲೆ ಎದೆ ಹಗುರವಾಗಬಹುದು ಎಂದುಕೊಂಡಿದ್ದರು.

ತಿಂಗಳ ಹಿಂದೆ ನಂಜನಗೂಡಿನಲ್ಲಿ ದರ್ಶನ ಮುಗಿಸಿ ಕಾರು ಹತ್ತುವಾಗ ಹೆಂಡತಿ ಪ್ರೇಮಲೀಲಾ ಎದೆ ಒತ್ತಿಕೊಂಡು, "ಏನೋ ಬಿಗಿಯಾಗ್ತಿದೆ ಕಣ್ರೀ," ಎಂದಿದ್ದರು. ಚಂದ್ರಮೌಳಿ ತಾಯಿಯ ಮುಖವನ್ನು ಕನ್ನಡಿಯಲ್ಲಿ ನೋಡಿದವನೇ ಮೈಸೂರಿನ ಕಡೆಗೆ ಕಾರು ಓಡಿಸಿದ. ಕಡಕೊಳ ಬರುವಷ್ಟರಲ್ಲಿ ಕಾರಿನ ಮೂತಿಯಿಂದ ಬಿಳಿಯ ಹಬೆ ಎದ್ದಿತು. ಇಂಜಿನ್ನು ಒಮ್ಮೆ ನರಳಿ ನಿಂತುಬಿಟ್ಟಿತು. ಹೆಂಡತಿಯ ತಲೆ ತೊಡೆಯ ಮೇಲೆ. ಹೊರಗೆ ಮಗ ರಸ್ತೆಯ ನಡುವೆ ನಿಂತು ಎರಡು ಕೈಯನ್ನೂ ಎತ್ತಿ ಬಂದ ಬಂದ ಗಾಡಿಗಳಿಗೆ ಅಡ್ಡ ಹೋಗುತ್ತಿದ್ದ. ಅವನು ದುಡಿಯುವ ಕಾರ್ಖಾನೆಯ ಚಿಮಣಿ ಅಲ್ಲಿಂದ ಕಾಣುತ್ತಿತ್ತು. ಕೊನೆಗೆ ತರಕಾರಿ ಸಾಗಿಸುವ ಒಂದು ಟೆಂಪೋ ನಿಂತಿತು. ಖಾಲಿ ಗೋಣಿಚೀಲಗಳ ಮೇಲೆ ಮಲಗಿಸುವಾಗ ಪ್ರೇಮಲೀಲಾ ಅವರಿಗೆ ಉಸಿರಿತ್ತು. ಆಸ್ಪತ್ರೆಯ ಮೆಟ್ಟಿಲಿನಲ್ಲಿ ಇರಲಿಲ್ಲ. "ಸ್ವಲ್ಪ ಮುಂಚೆ ತಂದಿದ್ದರೆ..." ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ಬಿಟ್ಟಿದ್ದರು. ಉಳಿದ ಅರ್ಧವನ್ನು ಸಿದ್ದಲಿಂಗಸ್ವಾಮಿಯವರು ಮರುದಿನ ರುದ್ರಭೂಮಿಯಲ್ಲಿ ಪೂರ್ತಿ ಮಾಡಿದರು.

ಸಮಾಧಿಯ ಗುಂಡಿಯಲ್ಲಿ ಆಕೆಯನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬುತ್ತಿದ್ದರು. ಮೊದಲ ಹಿಡಿ ಮಣ್ಣು ಹಾಕಲು ಚಂದ್ರಮೌಳಿ ಮುಂದೆ ಬಂದಾಗ ಅವರು ಅವನ ಕೈ ಹಿಡಿದು ನಿಲ್ಲಿಸಿದ್ದರು. "ಗಾಡಿ ಸೋರ್ತಿತ್ತು. ಇವನು ನೋಡಲಿಲ್ಲ. ಹೆತ್ತವಳನ್ನ ಕೊಂದ." ಮಠದ ಅಯ್ಯನವರು, ನೆಂಟರು, ನೆರೆಯವರು ಎಲ್ಲರೂ ಕೇಳಿದ್ದರು. ಮಗ ಅಷ್ಟು ಜನರ ಮುಂದೆ ಮಗುವಿನ ಹಾಗೆ, "ದಿನಾ ಬಗ್ಗಿ ನೋಡ್ತಿದ್ದೆ ಅಪ್ಪಾಜಿ. ಅವ್ವ ಸಾರಿಸಿದ ನೆಲ ಬಿಟ್ರೆ ಅಲ್ಲಿ ಏನೂ ಇರ್ಲಿಲ್ಲ. ಅವ್ವನಾಣೆ," ಎಂದ. "ಸುಳ್ಳು," ಎಂದರು ಅವರು.

ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದರು. ಕಾರ್ಖಾನೆಗೆ ರಜೆ ಇದ್ದರೂ ಚಂದ್ರಮೌಳಿ ಭಾನುವಾರದ ಕೆಲಸ ಕೇಳಿಕೊಂಡು ಹೋಗುತ್ತಿದ್ದ. ಸೊಸೆ ಹೇಮಶ್ರೀ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಬಡಿಸುತ್ತಿದ್ದಳು. ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ಸಿದ್ದಲಿಂಗಸ್ವಾಮಿಯವರ ದೃಷ್ಟಿ ಅಂಗೈಯಲ್ಲಿ ನಿಲ್ಲುತ್ತಿರಲಿಲ್ಲ. 'ಶಿವನೇ, ನೀನು ನೋಡುತ್ತಿದ್ದೆಯಲ್ಲ, ಅವನು ಬಗ್ಗಿ ನೋಡಿದನೋ ಇಲ್ಲವೋ, ಅಷ್ಟು ಹೇಳು' ಎಂದು ಕೇಳುವರು. ಮಠದ ವಿದ್ಯಾರ್ಥಿನಿಲಯದ ಉಗ್ರಾಣವನ್ನು ವರ್ಷಗಟ್ಟಲೆ ನೋಡಿಕೊಂಡವರು. ಅಕ್ಕಿ ಕಡಮೆ ಬಿದ್ದರೆ ಎಲ್ಲಿ ಸೋರಿತು ಎಂದು ಹುಡುಕದೆ ನಿದ್ದೆ ಮಾಡಿದವರಲ್ಲ.

ಹಳೆಯ ಬೋಗಾದಿಯ ಓಣಿಯಲ್ಲಿ ಈಗ ಮಣ್ಣಿನ ಅಂಗಳ ಉಳಿದಿದ್ದದ್ದು ಅವರ ಮನೆಯ ಮುಂದೆ ಮಾತ್ರ. ಸುತ್ತ ಎಲ್ಲರೂ ಕಲ್ಲು ಹಾಸಿಸಿ, ಮೇಲೆ ಮಹಡಿ ಎತ್ತಿ, ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟಿದ್ದರು. ಚಂದ್ರಮೌಳಿಯೂ ಸಿಮೆಂಟು ಹಾಕಿಸೋಣ ಎಂದಿದ್ದ. "ನೆಲ ಮುಚ್ಚಿದ್ರೆ ನಾನು ಎಲ್ಲಿ ಸಾರಿಸ್ಲೋ? ನಾನು ಹೋದ್ಮೇಲೆ ಹಾಕಿಸ್ಕೋ," ಎಂದು ಪ್ರೇಮಲೀಲಾ ಬಾಯಿ ಮುಚ್ಚಿಸಿದ್ದರು.

ಗೇಟು ತೆರೆದು ಒಳಗೆ ಬಂದವರು ಪೇಪರಿನ ಗಂಟನ್ನು ಜಗಲಿಯ ಮೇಲಿಟ್ಟು, ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು. ಕಾರು ಅಲ್ಲಿರಲಿಲ್ಲವಾದ್ದರಿಂದ ಅಂಗಳ ಹಲ್ಲು ಬಿದ್ದ ಬಾಯಿಯ ಹಾಗಿತ್ತು. ತಿಂಗಳಿಂದ ಸಗಣಿ ಕಾಣದ ನೆಲ ಬಿರುಕು ಬಿಟ್ಟು, ಚಕ್ಕೆಯಾಗಿ ಎದ್ದಿತ್ತು. ಚಕ್ರಗಳ ಗುರುತಿನ ನಡುವೆ, ಇಂಜಿನ್ನು ಬರುವಲ್ಲಿ, ಅವರು ಬಗ್ಗಿ ನೋಡಿದರು. ಒಣ ಸಗಣಿಯ ಬಣ್ಣ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಲೆ ಇಲ್ಲ.

"ಏನ್ ಕಳ್ಕೊಂಡ್ರಿ ಸ್ವಾಮೇರಾ?"

ಹಿಂದಿನ ಓಣಿಯಲ್ಲಿ ಎರಡು ಹಸು ಕಟ್ಟಿರುವ ಅಂಬುಜಮ್ಮ ಗೇಟಿನ ಹೊರಗೆ ನಿಂತಿದ್ದಳು. ಕಂಕುಳಲ್ಲಿ ಸಗಣಿ ತುಂಬಿದ ಮಂಕರಿ.

"ಏನಿಲ್ಲ ಅಂಬುಜಮ್ಮ."

"ನಾಳೆ ಸೋಮವಾರ. ತಿಂಗ್ಳಾಯ್ತು, ಬಾಕ್ಲು ಇಂಗೆ ಒಣಗಬಾರ್ದು. ಸೊಸೆ ಕೈಲಿ ಸಾರಿಸ್ಬುಡಿ." ಅವಳು ಒಳಗೆ ಬಂದು ಜಗಲಿಯ ಪಕ್ಕದಲ್ಲಿದ್ದ ಹಳೆಯ ಬಾಂಡಲಿಗೆ ಸಗಣಿ ಸುರಿದಳು. "ನಮ್ಮಕ್ಕ ಇದ್ದಿದ್ರೆ ನಾಲ್ಕು ಗಂಟ್ಗೇ ಎದ್ದು ನನ್ ಕೊಟ್ಟಿಗೆ ಬಾಗ್ಲು ಬಡೀತಿದ್ರು. 'ಅಂಬುಜಾ, ನಿನ್ನ ಹಸು ಎದ್ದಿಲ್ವೇನೇ?' ಅಂತ. ಅಸ ಎದ್ದಿರ್ತಿತ್ತು, ನಾನೇ ಎದ್ದಿರ್ತಿರ್ಲಿಲ್ಲ." ನಕ್ಕು, ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಆ ಕೆಂದನಾಯಿ ನೆನಪೈತಾ? ದಿನಾ ಬಂದು ಇಲ್ಲೇ ಗಾಡಿ ಕೆಳಗೆ ತೂರ್ಕೊಂಡು ನೆಲ ನೆಕ್ತಿತ್ತು. 'ನಿನ್ನ ಸಗಣಿ ರುಚಿ ಹತ್ತಿದೆ ಕಣೇ ಇದಕ್ಕೆ' ಅಂತ ಅಕ್ಕ ಪೊರಕೆ ತಗೊಂಡು ಓಡಿಸೋರು. ಪಾಪ, ದೀಪಾವಳಿ ಇಂದೆ ಮುಂದೆ ಕಾಲು ಸೇದ್ಕೊಂಡು ಸತ್ತೋಯ್ತು ಅದೂವೆ."

ಅಂಬುಜಮ್ಮ ಹೋದ ಮೇಲೂ ಸಿದ್ದಲಿಂಗಸ್ವಾಮಿಯವರು ಅಲ್ಲಿಯೇ ನಿಂತಿದ್ದರು. ಸಗಣಿಯನ್ನು ನಾಯಿ ನೆಕ್ಕುವುದನ್ನು ಅವರು ಬೇರೆಲ್ಲೂ ಕಂಡಿರಲಿಲ್ಲ. ಚೆಲುವರಾಜು ಮೂಗಿಗೆ ಹಿಡಿದ ಆ ಸಿಹಿ ವಾಸನೆ ಎಲ್ಲಿಯದೆಂದು ಈಗ ನೆನಪಾಯಿತು. ಬೆಳಗಿನ ಪೂಜೆಗೆ ಹೂವು ಕೊಯ್ಯಲು ಹೊರಗೆ ಬಂದಾಗ, ಹಸಿ ಸಗಣಿಯ ವಾಸನೆಯ ನಡುವೆ ಅದು ತೆಳ್ಳಗೆ ಸುಳಿಯುತ್ತಿತ್ತು. ಹಸು ಬೆಲ್ಲದ ಹಿಂಡಿ ತಿಂದಿರಬೇಕು ಎಂದುಕೊಂಡಿದ್ದರು.

ಹೂಗಿಡದ ಬುಡ ಕೆದಕುವ ಸಣ್ಣ ಸಲಿಕೆಯನ್ನು ತಂದು ಅವರು ನೆಲಕ್ಕೆ ಮೊಳಕಾಲೂರಿದರು. ಎದ್ದ ಚಕ್ಕೆಯ ಅಡಿಗೆ ಸಲಿಕೆ ತೂರಿಸಿ ಎತ್ತಿದರು. ಒಣಗಿದ ರೊಟ್ಟಿಯಂತೆ ಒಂದು ಪದರ ಬಂತು. ಅದರ ಕೆಳಗೆ ಇನ್ನೊಂದು. ಪ್ರತಿ ಸೋಮವಾರಕ್ಕೂ ಮಗ ಹಿಂದಿನ ಸಂಜೆಯೇ ಕಾರನ್ನು ಬೀದಿಗೆ ಇಳಿಸಿಡುತ್ತಿದ್ದ. ನಸುಕಿನಲ್ಲಿ ಪ್ರೇಮಲೀಲಾ ಅಂಗಳವನ್ನೆಲ್ಲ ಅಂಗೈಯಿಂದ ಸಾರಿಸುತ್ತಿದ್ದರು. ಉಳಿದ ದಿನಗಳಲ್ಲಿ ಬಾಗಿ ಕಾರಿನ ಅಡಿಯವರೆಗೂ ಸಗಣಿನೀರು ಎರಚಿ, ಕಡ್ಡಿಪೊರಕೆಯಿಂದ ಎಳೆಯುತ್ತಿದ್ದರು. ಮೂರನೆಯ ಪದರ ಮೆತ್ತಗಿತ್ತು. ಅದು ಮುರಿಯದೆ ಜಿಗುಟಾಗಿ ಬಾಗಿತು. ಅದರ ಬೆನ್ನು ಸಗಣಿಯ ಹಸಿರಲ್ಲ. ಪಾಚಿಗಿಂತ ಹೊಳೆಯುವ, ಮಿಠಾಯಿ ಅಂಗಡಿಯ ಬಣ್ಣದಂಥ ಹಸಿರು. ಅದರ ಕೆಳಗಿನದೂ ಹಾಗೇ. ಅದರ ಕೆಳಗೂ. ಕೆಳಗಿನ ಮಣ್ಣು ತುಪ್ಪ ಚೆಲ್ಲಿದ ಹಾಗೆ ನೆನೆದಿತ್ತು. ಮೂಗಿಗೆ ಹಿಡಿದರು. ಸೀ.

ಬಿಸಿ ಕಾರು ಬಂದು ನಿಂತ ಮೇಲೆ ಪ್ರತಿ ರಾತ್ರಿ ಅದು ತೊಟ್ಟಿಕ್ಕಿತ್ತು. ಪ್ರತಿ ನಸುಕಿನಲ್ಲಿ ಅವಳು ಅದನ್ನು ಸಾರಿಸಿದ್ದಳು. ಮಗ ಎದ್ದು ಬಂದು ಬಗ್ಗಿ ನೋಡಿದಾಗ ಸಾರಿಸಿದ ನೆಲವಿತ್ತು.

ಅವರ ಬಾಯಲ್ಲಿ ಶಿವನ ಹೆಸರು ಬರಲಿಲ್ಲ. ಅವಳ ಬಲಗೈ ಕಣ್ಣ ಮುಂದೆ ಬಂತು. ಎಷ್ಟು ತೊಳೆದರೂ ಉಗುರ ಸಂದಿಯಲ್ಲಿ ಸಗಣಿಯ ವಾಸನೆ ಉಳಿಯುತ್ತಿದ್ದ ಕೈ. "ಈ ಕೈಲಿ ಪ್ರಸಾದ ಕೊಟ್ರೆ ತಗೋತೀರೋ ಇಲ್ವೋ?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಬಾಗಿಲಿಗೆ ಬರುವ ಶಿವ ಒಣ ನೆಲ ತುಳಿಯಬಾರದು ಎನ್ನುವುದು ಅವಳ ನೇಮ. ಜ್ವರದಲ್ಲಿಯೂ ಬಿಟ್ಟಿರಲಿಲ್ಲ. ನಂಜನಗೂಡಿಗೆ ಹೊರಟ ಆ ಬೆಳಿಗ್ಗೆಯೂ ಬಿಟ್ಟಿರಲಿಲ್ಲ.

ಒಳಗಿನಿಂದ ಹೇಮಶ್ರೀಯ ಕುಕ್ಕರು ಕೂಗಿತು. ಅವರು ಬೆಚ್ಚಿ ಸುತ್ತ ನೋಡಿದರು. ಎತ್ತಿದ ಪದರಗಳನ್ನು ಬೇಗ ಬೇಗ ಗುಂಡಿಗೆ ತುಂಬಿ ಕಾಲಿನಿಂದ ಅದುಮಿದರು. ಬಾಂಡಲಿಗೆ ನೀರು ಹೊಯ್ದು, ಪಂಚೆಯನ್ನು ಎತ್ತಿ ಕಟ್ಟಿ, ಎಂದೂ ಮಾಡದ ಕೆಲಸಕ್ಕೆ ಕೈ ಹಾಕಿದರು. ಸಗಣಿ ಕಲಸಿ, ಆ ಜಾಗವನ್ನೆಲ್ಲ ಮುಚ್ಚಿ ಸಾರಿಸಿದರು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹೇಗಾದರೂ ಮುಚ್ಚಿದರೆ ಸಾಕಾಗಿತ್ತು. ಅವಳ ಮೇಲೆ ಯಾರೂ ಒಂದು ಮಾತು ಆಡಬಾರದು. ಮಗನಿಗಂತೂ ತಿಳಿಯಬಾರದು. ಕೈಕಾಲು ತೊಳೆದು ಜಗಲಿಯ ಮೇಲೆ ಬಂದು ಕುಳಿತಾಗ ಉಸಿರು ತಿದಿಯ ಹಾಗೆ ಬರುತ್ತಿತ್ತು.

ಹೊತ್ತು ಮುಳುಗುವಾಗ ಚಂದ್ರಮೌಳಿ ಬಂದ. ಬೈಕನ್ನು ಗೇಟಿನ ಹತ್ತಿರ ನಿಲ್ಲಿಸಿ, ತಂದೆಯ ಕಡೆ ನೋಡದೆ ಒಳಗೆ ಹೋಗಲು ಜಗಲಿ ಹತ್ತಿದವನು ಪೇಪರಿನ ಗಂಟನ್ನು ಕಂಡ. ಬಿಚ್ಚಿದ. ಕಾರ್ಖಾನೆಯಲ್ಲಿ ದಿನವೂ ಯಂತ್ರಗಳ ನಡುವೆ ಇರುವವನು. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪಂಪನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಆ ಹಸಿರು ಹೆಪ್ಪನ್ನು ಒತ್ತಿ ನೋಡಿದ.

"ಇದು ಹಳೇದು ಅಪ್ಪಾಜಿ," ಎಂದ. ತಿಂಗಳ ಮೇಲೆ ಅವನು ಆಡಿದ ಮೊದಲ ಮಾತು. "ಮಳೆಗಾಲದಿಂದಲೂ ಸೋರ್ತಿರಬೇಕು."

ಸಿದ್ದಲಿಂಗಸ್ವಾಮಿಯವರು ಬಿಚ್ಚಿದ ಪೇಪರನ್ನು ಎಳೆದು ಮಡಚಿದರು. "ಬಾಟಲಿ ಮೋಸ ಮಾಡುತ್ತಂತೆ ಕಣೋ. ಚೆಲುವರಾಜು ಹೇಳ್ದ. ಮುಳ್ಳೂ..."

"ನೆಲ?"

ಅವರು ಅಂಗಳದ ಕಡೆಯಿಂದ ಮುಖ ತಿರುಗಿಸಿದರು.

"ನೆಲದ ಮೇಲೆ ಬಿದ್ದಿರ್ಲೇಬೇಕಲ್ಲ." ಚಂದ್ರಮೌಳಿ ಪಂಪನ್ನು ಮೆತ್ತಗೆ ಜಗಲಿಯ ಮೇಲಿಟ್ಟ. "ನೀವಂದಿದ್ದೇ ನಿಜ. ನಾನು ನೋಡಿಲ್ಲ. ದಿನಾ ಬಗ್ಗಿ ನೋಡ್ತಿದ್ದೆ ಅಂತ ನನಗೆ ಅನ್ನಿಸಿದೆ ಅಷ್ಟೆ. ಒಂದೊಂದು ದಿನ ನೋಡಿರ್ತೀನಿ, ಅದನ್ನೇ ದಿನಾ ಅಂದ್ಕೊಂಡಿದ್ದೀನಿ. ಅವ್ವನ ಮೇಲೆ ಆಣೆ ಬೇರೆ ಇಟ್ಟೆ." ಅವನ ದನಿಯಲ್ಲಿ ಅಳು ಇರಲಿಲ್ಲ. ಉಗ್ರಾಣದ ಲೆಕ್ಕ ಒಪ್ಪಿಸುವವನ ಹಾಗೆ ಹೇಳುತ್ತಿದ್ದ. "ನಾನೇ ಕೊಂದಿದ್ದು."

ಹಾಗೆ ಹೇಳಿ ಅವನು ಹೊಸ್ತಿಲ ಕಡೆಗೆ ತಿರುಗಿದ.

ಸಿದ್ದಲಿಂಗಸ್ವಾಮಿಯವರು ಜಗಲಿಯಿಂದ ಇಳಿದರು. ಅಂಗಳಕ್ಕೆ ಹೋಗಿ, ತಾವೇ ಆಗ ಸಾರಿಸಿದ ಹಸಿ ನೆಲದ ಮೇಲೆ ಮೊಳಕಾಲೂರಿ, ಹತ್ತೂ ಬೆರಳುಗಳಿಂದ ಬಗೆಯತೊಡಗಿದರು.

"ಏನ್ಮಾಡ್ತಿದ್ದೀರಿ? ಅಪ್ಪಾಜಿ!" ಚಂದ್ರಮೌಳಿ ಓಡಿಬಂದು ಅವರ ರಟ್ಟೆ ಹಿಡಿದ. "ಏಳಿ ಮೇಲೆ. ಬಟ್ಟೆಯೆಲ್ಲ..."

ಅವರು ಏಳಲಿಲ್ಲ. ಬಗೆದ ಕೈಯನ್ನು ಮಗನ ಮುಖದ ಮುಂದೆ ಹಿಡಿದರು. ಗೇಟಿನ ದೀಪದ ಬೆಳಕಿನಲ್ಲಿ ಬೆರಳುಗಳ ಸಂದಿಯ ಮಣ್ಣು ಹಸಿರಾಗಿ ಹೊಳೆಯುತ್ತಿತ್ತು. ಚಂದ್ರಮೌಳಿ ಬಾಗಿ ಮೂಸಿದ. ತಂದೆಯ ರಟ್ಟೆ ಹಿಡಿದಿದ್ದ ಅವನ ಕೈ ಸಡಿಲವಾಯಿತು. ಅವನು ಗುಂಡಿಯೊಳಗೆ ಕೈಯಿಟ್ಟು ಒಂದು ಪದರ ಎತ್ತಿದ. ಇನ್ನೊಂದು. ಮತ್ತೊಂದು. ಆಮೇಲೆ ಅಲ್ಲಿಯೇ ನೆಲದ ಮೇಲೆ ಕುಳಿತ.

"ನೀನು ಸುಳ್ಳು ಹೇಳಿರಲಿಲ್ಲ," ಎಂದರು ಸಿದ್ದಲಿಂಗಸ್ವಾಮಿಯವರು.

ಬಾಗಿಲಲ್ಲಿ ಹೇಮಶ್ರೀಯ ನೆರಳು ಕಂಡಿತು. "ಏನ್ರೀ ಅದು? ಏನಾದ್ರೂ ಬಿತ್ತಾ?"

ಚಂದ್ರಮೌಳಿ ತಲೆ ಎತ್ತದೆ, "ಏನಿಲ್ಲ. ಇಲ್ಲಿ ನೆಲ ಎದ್ದಿತ್ತು. ನೀನು ಒಳಗೆ ಹೋಗು," ಎಂದ.

ಅವಳು ಹೋಗುವವರೆಗೂ ಇಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಚಂದ್ರಮೌಳಿ ಎತ್ತಿದ ಪದರಗಳನ್ನು ಒಂದರ ಮೇಲೊಂದು ಜೋಡಿಸಿ ಗುಂಡಿಯಲ್ಲಿ ಕೂರಿಸಿದ. ಬಾಂಡಲಿಯನ್ನು ಹತ್ತಿರಕ್ಕೆ ಎಳೆದುಕೊಂಡು ಉಳಿದಿದ್ದ ಸಗಣಿಯನ್ನು ಬಳಿದು ತೆಗೆದ. ಮೇಲೆ ಹಾಕಿ, ಅಂಗೈಯಿಂದ ಅರ್ಧಚಂದ್ರದ ಹಾಗೆ ಎಳೆದ. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕುಳಿತು ನೋಡಿದ್ದ ಎಳೆತ. ಒಂದರ ಅಂಚಿಗೆ ಇನ್ನೊಂದು, ಅದರ ಅಂಚಿಗೆ ಮತ್ತೊಂದು. ಹಾಗೆಯೇ ಸಾರಿಸುತ್ತ ಗೋಡೆಯ ಹತ್ತಿರ ಬಂದಾಗ ಅವನ ಕೈ ನಿಂತಿತು. ಅಲ್ಲಿ ಒಣಗಿದ ನೆಲದ ಮೇಲೆ ನಾಲ್ಕು ಬೆರಳಿನ ಹಳೆಯ ಗೆರೆಗಳು ಇನ್ನೂ ಇದ್ದವು.

ಅವನು ಅವನ್ನು ಮುಟ್ಟದೆ ಬಿಟ್ಟು, ಕೈ ತೊಳೆಯಲು ಎದ್ದ.